ಮಳೆ ಬಂದರೆ ನಿಲ್ಲುವ ವೈಪರು

ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಬೆಳಗಿನ ಬಸ್ಸಿನ ಹಿಂದೆ ಒಂದು ಬಿಳಿ ಪಿಕಪ್ ಗಾಡಿ ಬರುತ್ತಿತ್ತು. ಬಸ್ಸು ನಿಂತಲ್ಲಿ ಅದೂ ನಿಲ್ಲುತ್ತಿತ್ತು, ಬಸ್ಸು ಹೊರಟರೆ ಅದೂ ಹೊರಡುತ್ತಿತ್ತು. ರಸ್ತೆ ಖಾಲಿ ಇದ್ದರೂ ಮುಂದೆ ಹೋಗುತ್ತಿರಲಿಲ್ಲ. ಬಸ್ಸಿನ ಹಿಂದಿನ ಸೀಟಿನವರಿಗೆ ಮೊದಮೊದಲು ಇದು ವಿಚಿತ್ರವಾಗಿ ಕಂಡಿತು, ವಿಷಯ ಗೊತ್ತಾದ ಮೇಲೆ ನಗುವುದಕ್ಕೆ ಒಂದು ನೆಪವಾಯಿತು. ಬಸ್ಸಿನೊಳಗೆ ಕಿಟಕಿ ಪಕ್ಕ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದವಳು ಕೊಟ್ರಬಸಮ್ಮ. ಹಿಂದೆ ಪಿಕಪ್ ಓಡಿಸಿಕೊಂಡು ಬರುತ್ತಿದ್ದವನು ಅವಳ ಗಂಡ ಗವಿಸಿದ್ದಪ್ಪ. ಅವನ ಎಡಗಡೆಯ ಸೀಟು ಖಾಲಿ.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಜಗಳವೇ ಅಲ್ಲ, ಹಾಗಾಗಿ ಮುಗಿಯುವ ದಾರಿಯೂ ಇರಲಿಲ್ಲ. ಕೊಟ್ರಬಸಮ್ಮ ಗಂಡನಿಗೆ ಹೊತ್ತು ಹೊತ್ತಿಗೆ ಉಣ್ಣಲು ಹಾಕುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವನ ಗಾಡಿಗೆ ಮಾತ್ರ ಹತ್ತುತ್ತಿರಲಿಲ್ಲ. ಬಸ್ಸಿಗೆ ಯಾಕೆ ದಂಡ ಕಟ್ಟುತ್ತೀ ಎಂದು ಗದರುವ ಹಾಗೂ ಇರಲಿಲ್ಲ, ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಪಂಪಣ್ಣ ಸೊನ್ನೆ ಟಿಕೇಟು ಹರಿದು ಅವಳ ಕೈಗಿಟ್ಟು, ಹಿಂದಿನ ಗಾಜಿನಿಂದ ಬಗ್ಗಿ ನೋಡಿ, "ಬಂದಾರ ಬಿಡಬೇ ನಿಮ್ಮ ಯಜಮಾನ್ರು, ರೈಟ್!" ಎಂದು ಸೀಟಿ ಊದುತ್ತಿದ್ದ.

ಯಾಕೆ ಬಸ್ಸಿನ ಹಿಂದೆಯೇ ಹೋಗುತ್ತೀಯೋ ಮಾರಾಯ ಎಂದು ಯಾರಾದರೂ ಕೇಳಿದರೆ ಗವಿಸಿದ್ದಪ್ಪನ ಹತ್ತಿರ ಉತ್ತರ ತಯಾರಿತ್ತು. "ಬಸ್ಸಿನ ಬೆನ್ನಿಗೆ ಹೋದ್ರ ಎದರಗಾಳಿ ಬಡಿಯಂಗಿಲ್ಲ. ಡೀಸೆಲ್ ಉಳೀತೈತಿ. ನಿಮಗೇನ್ ಗೊತ್ತೈತ್ರಲೇ ಗಾಡಿ ಓಡ್ಸೂದು?" ಬಸ್ಸು ಹತ್ತು ಕಡೆ ನಿಂತು ಹೊರಟರೆ ಹಿಂದಿನ ಗಾಡಿಗೆ ಡೀಸೆಲ್ ಹೇಗೆ ಉಳಿದೀತು ಎಂದು ಯಾರೂ ಮರುಪ್ರಶ್ನೆ ಹಾಕಲಿಲ್ಲ. ಅವನ ಜೊತೆ ವಾದಕ್ಕೆ ಇಳಿದವರು ಊಟದ ಹೊತ್ತಿಗೆ ಮನೆ ಸೇರಿದ್ದಿಲ್ಲ.

ಮನುಷ್ಯ ಅಂಥವನು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿಯಾಗಿ ಶುರು ಮಾಡಿದ, ಆಮೇಲೆ ಬೇರೆಯವರ ಗಾಡಿ ಓಡಿಸಿದ, ಕೊನೆಗೆ ಈ ಪಿಕಪ್ಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು ಗಿರಣಿಗಳಿಂದ ಬಳ್ಳಾರಿಯ ಕಿರಾಣಿ ಅಂಗಡಿಗಳಿಗೆ ಅಕ್ಕಿ ಚೀಲ ಸಾಗಿಸತೊಡಗಿದ. ಐವತ್ತು ದಾಟಿದ್ದರೂ ಚೀಲಕ್ಕೆ ಬೆನ್ನು ಕೊಡಬಲ್ಲ. ಕುಡಿಯುವುದಿಲ್ಲ, ಆಡುವುದಿಲ್ಲ, ಯಾರ ಮನೆ ಹಾಳು ಮಾಡಿದವನಲ್ಲ. ಒಂದೇ ಒಂದು ರೋಗವೆಂದರೆ ತಪ್ಪು ತನ್ನದಾಗಿರಲು ಸಾಧ್ಯ ಎನ್ನುವುದು ಅವನ ತಲೆಗೆ ಹೋಗಿದ್ದೇ ಇಲ್ಲ. ಟೈರು ಪಂಕ್ಚರಾದರೆ ರಸ್ತೆಯದು ತಪ್ಪು. ಕಾಲೆಡವಿದರೆ ಹೊಸ್ತಿಲದ್ದು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವನು ಬಿದ್ದೇ ಇಲ್ಲ ಅನ್ನುವವನು, ನೆಲ ಮೇಲೆ ಬಂತು ಅನ್ನುವವನು.

ಕೊಟ್ರಬಸಮ್ಮನದು ರೊಟ್ಟಿ ಕೆಲಸ. ನಸುಕಿನಲ್ಲಿ ಎದ್ದು ಜೋಳದ ಕಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕಟ್ಟಿ, ಪಾರ್ವತಿನಗರದ ಒಂದು ಖಾನಾವಳಿಗೆ ಮುಟ್ಟಿಸಿ ಬರುತ್ತಿದ್ದಳು. ಮದುವೆಯಾದ ಲಾಗಾಯ್ತು ಕಡಿಮೆ ಮಾತಿನವಳು ಎಂದು ಹೆಸರು. ಮನೆಯಲ್ಲಿ ಮೈದುನನ ಸಂಸಾರ, ಮಕ್ಕಳು, ಟಿ.ವಿ.; ಅದರ ನಡುವೆ ಗಂಡನ ಹತ್ತಿರ ಎರಡು ಮಾತಾಡುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಆದರೆ ಗಾಡಿಯ ಬಾಗಿಲು ಎಳೆದುಕೊಂಡು ಕೂತಳೆಂದರೆ ಬೇರೆಯೇ ಹೆಂಗಸು. ಊರು ದಾಟುವುದರೊಳಗೆ ಬಾಯಿ ಬಿಚ್ಚುತ್ತಿತ್ತು. ಖಾನಾವಳಿಯ ಅಡುಗೆಯವನ ನಡೆ, ಓರಗಿತ್ತಿಯ ಸೀರೆ, ಯಾರ ಮಗಳಿಗೆ ಯಾವ ಊರಿನ ಗಂಡು ಬಂದು ಏನು ಅಂದು ಹೋಯಿತು, ಎಲ್ಲವನ್ನೂ ದನಿ ಬದಲಿಸಿ, ಕೈ ತಿರುವಿ ಹೇಳುತ್ತಿದ್ದಳು. ಗವಿಸಿದ್ದಪ್ಪ ಸ್ಟೇರಿಂಗ್ ಹಿಡಿದು "ಹೂಂ, ಆಮ್ಯಾಲ?" ಅನ್ನುತ್ತಿದ್ದ. ಅವನು ಜೀವಮಾನದಲ್ಲಿ ಎದುರು ಮಾತಾಡದೆ ಕೇಳಿಸಿಕೊಂಡದ್ದು ಇದೊಂದನ್ನೇ. ಇಪ್ಪತ್ತು ವರ್ಷದ ಸಂಸಾರವನ್ನು ಅವರು ಮಾಡಿದ್ದು ಹೆಚ್ಚಾಗಿ ಆ ಕ್ಯಾಬಿನ್ನಿನೊಳಗೇ ಎಂದರೂ ತಪ್ಪಿಲ್ಲ.

ಕೆಟ್ಟದ್ದು ಹೋದ ವರ್ಷ, ದಸರಾ ಕಳೆದ ಮೇಲಿನ ಮಳೆಯಲ್ಲಿ. ಇಬ್ಬರೂ ಸಿರುಗುಪ್ಪದಿಂದ, ಅವಳ ತಂಗಿ ಜಯಶ್ರೀಯ ಮನೆಯಿಂದ ಮಧ್ಯಾಹ್ನ ಹಿಂದಿರುಗುತ್ತಿದ್ದರು. ಡಾಂಬರು ರಸ್ತೆ ಕೆಟ್ಟಿದೆ ಎಂದು ಗವಿಸಿದ್ದಪ್ಪ ಕಾಲುವೆ ಏರಿಯ ಮೇಲಿನ ದಾರಿ ಹಿಡಿದಿದ್ದ. ಮಳೆ ಜೋರಾಯಿತು. ಕೊಟ್ರಬಸಮ್ಮ ತಂಗಿಯ ಅತ್ತೆಯ ಕತೆ ಹೇಳುತ್ತಿದ್ದಳು. ಆ ಮುದುಕಿಯ ಹತ್ತಿರ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಕೀಲಿಕೈ ಯಾವಾಗಲೂ ಅವಳ ಸೊಂಟದಲ್ಲಿ, ಒಳಗೇನಿದೆ ಎಂದು ಮನೆಯವರು ಯಾರೂ ಕಂಡಿಲ್ಲ.

"ಮೊನ್ನಿ ಮಗಳ ಊರಿಗಿ ಹೋಗುವಾಗ ಕೀಲಿಕೈ ಮರತ ಬಿಟ್ಟ ಹೋಗ್ಯಾಳ ನೋಡ್ರಿ. ನಮ್ಮ ಜಯಶ್ರೀ ಬಿಡತಾಳೇನ್ರಿ? ಬಾಗಲಾ ಮುಂದ ಮಾಡಿ, ಪೆಟ್ಟಿಗಿ ತೆಗದು ನೋಡಿದ್ರ, ಒಳಗ..."

ಅಷ್ಟರಲ್ಲಿ ವೈಪರು ಗಾಜಿನ ನಡುಮಧ್ಯ ನಿಂತಿತು. ನೀರು ಪರದೆಯಂತೆ ಇಳಿಯಿತು. ಗವಿಸಿದ್ದಪ್ಪ ಸ್ವಿಚ್ಚನ್ನು ಬಡಿದ, ಬೈದ, ತಲೆ ಹೊರಗೆ ಹಾಕಿ ಕೈಯಿಂದ ಗಾಜು ಒರೆಸಲು ಹೋದ. ಗಾಡಿ ನಿಲ್ಲಿಸಿದ್ದರೆ ಮುಗಿದಿತ್ತು. ಆದರೆ ನಿಲ್ಲಿಸಿದರೆ ಗವಿಸಿದ್ದಪ್ಪ ಹೇಗಾದಾನು? ಎಡಗಡೆಯ ಮುಂದಿನ ಚಕ್ರ ಏರಿಯಿಂದ ಜಾರಿತು. ಗಾಡಿ ವಾಲಿ ಒಂದು ಜಾಲಿಯ ಬುಡಕ್ಕೆ ಒರಗಿ ನಿಂತಿತು. ಕೊಟ್ರಬಸಮ್ಮನ ಕಿಟಕಿಯ ಕೆಳಗೆ ನೆಲ ಇರಲಿಲ್ಲ, ಕಾಲುವೆಯ ಕೆಂಪು ನೀರು ಹರಿಯುತ್ತಿತ್ತು.

ಅವಳು ಕಿರುಚಲಿಲ್ಲ. ಗೇರಿನ ಮೇಲೆ ಹಾದು, ಗಂಡನ ಕಡೆಯ ಬಾಗಿಲಿನಿಂದ ಹೊರಗೆ ಬಂದು, ಮಳೆಯಲ್ಲಿ ನಿಂತಳು. ಗದ್ದೆಯವರ ಟ್ರ್ಯಾಕ್ಟರು ಬಂದು ಗಾಡಿಯನ್ನು ಮೇಲಕ್ಕೆಳೆಯಿತು. "ಏನೂ ಆಗಿಲ್ಲಲ್ಲ, ಹತ್ತು" ಎಂದ ಗವಿಸಿದ್ದಪ್ಪ. ಕೊಟ್ರಬಸಮ್ಮ ತೋಯ್ದ ಸೆರಗನ್ನು ಹಿಂಡಿ, ಡಾಂಬರು ರಸ್ತೆಯವರೆಗೂ ನಡೆದು, ಬಸ್ಸು ಹತ್ತಿದಳು. ಮಾರನೆಯ ದಿನವೂ ಬಸ್ಸು. ಅದರ ಮಾರನೆಯ ದಿನವೂ.

ವೈಪರು ಎಂದರೆ ಬಳ್ಳಾರಿ ಸೀಮೆಯ ಗಾಡಿಗಳಿಗೆ ಮದುವೆಯ ಕೋಟಿದ್ದ ಹಾಗೆ, ಅಪರೂಪಕ್ಕೆ ಹೊರಗೆ ತೆಗೆಯುವುದು. ಮಳೆಗಿಂತ ಧೂಳು ಒರೆಸಿದ್ದೇ ಹೆಚ್ಚು. ಹಾಗಾಗಿ ಗವಿಸಿದ್ದಪ್ಪ ಇದನ್ನು ದೊಡ್ಡ ರಿಪೇರಿ ಎಂದುಕೊಳ್ಳಲಿಲ್ಲ. ಬಿಸಿಲಿಗೆ ಬ್ಲೇಡಿನ ರಬ್ಬರು ಸೆಟೆದು ಗಾಜಿಗೆ ಹಿಡಿದುಕೊಂಡಿದೆ ಎಂದು ಹೊಸ ಬ್ಲೇಡು ಹಾಕಿಸಿದ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಹಾರ್ನು ಹೊಡೆದು ಹೆಂಡತಿಯನ್ನು ಹೊರಗೆ ಕರೆದ. ಒಣಗಾಜಿನ ಮೇಲೆ ವೈಪರು ಕಿರ್ರ್ ಕಿರ್ರ್ ಎಂದು ಕುಣಿಯಿತು.

"ನೋಡು, ಹೆಂಗ ಕುಣೀತೈತಿ! ಬಾ, ಕುಂದ್ರು."

ಕೊಟ್ರಬಸಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊಸ್ತಿಲಲ್ಲೇ ನಿಂತು ಕೇಳಿದಳು. "ಅವತ್ತ ಯಾಕ ನಿಂತಿತ್ತು?"

"ಬ್ಲೇಡ್ ಹೋಗಿತ್ತು."

ಮುಂದಿನ ಮಳೆಯಲ್ಲಿ ಹೊಸ ಬ್ಲೇಡೂ ನಿಂತಿತು. ಆಗ ಫ್ಯೂಸು ಸುಟ್ಟದ್ದು ಸಿಕ್ಕಿತು, ಫ್ಯೂಸು ಹಾಕಿಸಿದ. "ಫ್ಯೂಸ್ ಹೋಗಿತ್ತು." ಅದೂ ನಿಂತಿತು. ಸ್ವಿಚ್ಚು ಬದಲಾಯಿಸಿದ. "ಸ್ವಿಚ್ ಹೋಗಿತ್ತು." ಮುಂಗಾರಿನ ಮೊದಲ ಹನಿಗೆ ಅದೂ ನಿಂತಿತು. ಬಳ್ಳಾರಿಯ ಗುಜರಿಯಲ್ಲಿ ಹುಡುಕಿ, ಅಪಘಾತದ ಗಾಡಿಯೊಂದರ ಮೋಟರು ತಂದು ಹಾಕಿಸಿದ. ಬಿಸಿಲಿದ್ದಾಗ ಪ್ರತಿಯೊಂದೂ ಸೊಗಸಾಗಿ ಕೆಲಸ ಮಾಡುತ್ತಿತ್ತು. ಮಳೆ ಬಂದರೆ ನಾಲ್ಕು ಸಲ ಆಡಿ, ಮೆಲ್ಲಗಾಗಿ, ನಿಂತುಬಿಡುತ್ತಿತ್ತು. ಒಳಗೆಲ್ಲೋ ವೈರಿಗೆ ನೀರು ಇಳಿಯುತ್ತಿದೆ ಎಂದು ಎಲ್ಲರೂ ಹೇಳಿದರು, ಎಲ್ಲಿ ಎಂದು ಯಾರೂ ಹೇಳಲಿಲ್ಲ.

ಕರಿಬಸವ ಎಂಬ ಜೊತೆಯ ಡ್ರೈವರು ಹಳೆಯ ಉಪಾಯ ಹೇಳಿಕೊಟ್ಟ. ಬೀಡಿ ಬಿಚ್ಚಿ, ಅದರ ತಂಬಾಕನ್ನು ಒದ್ದೆ ಗಾಜಿಗೆ ತಿಕ್ಕಿದರೆ ನೀರು ಹನಿಗಟ್ಟದೆ ಜಾರಿ ಹೋಗುತ್ತದೆ, ವೈಪರಿಲ್ಲದೆಯೂ ಊರು ಮುಟ್ಟಬಹುದು. ಗವಿಸಿದ್ದಪ್ಪ ಹಾಗೇ ದಿನ ದೂಡಿದ. ಅವನಿಗೇನೋ ಸಾಕಾಗಿತ್ತು. ಆದರೆ ಎಡಗಡೆಯ ಸೀಟು ತಂಬಾಕಿಗೆ ತುಂಬುವುದಿಲ್ಲವಲ್ಲ.

ಮೋಟರು ಹಾಕಿಸಿದ ಮೇಲೆ ಮತ್ತೆ ನಿಂತಾಗ ಕೊಟ್ರಬಸಮ್ಮ ತನ್ನ ಕಡೆಯ ಮಾತು ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಸರಿ ಆತು, ಬಾ ಕುಂದ್ರು ಅನ್ನಬ್ಯಾಡ್ರಿ ಇನ್ನ. ಅವತ್ತ ಯಾಕ ನಿಂತಿತ್ತು ಅನ್ನೂದನ್ನ ತಂದು ನನ್ನ ಕೈಯಾಗ ಇಡ್ರಿ. ಇಟ್ಟ ದಿನಾ ಕುಂದ್ರತೀನಿ."

"ಕರೆಂಟಿಂದು ದೋಷ ಲೇ ಅದು. ಕೈಯಾಗ ಹೆಂಗ ಇಡಾಕ ಬರ್ತೈತಿ?"

"ಅದು ನನಗ ಗೊತ್ತಿಲ್ರಿ."

ಗವಿಸಿದ್ದಪ್ಪನಿಗೆ ಆ ಖಾಲಿ ಸೀಟು ನೋಡುವುದು ಕಷ್ಟವಾಗಿತ್ತು. ಹೇಳಿಕೊಳ್ಳುವ ಮನುಷ್ಯನಲ್ಲ, ಆದರೂ ಕಷ್ಟವಾಗಿತ್ತು. ದಾರಿಯುದ್ದಕ್ಕೂ ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಒಮ್ಮೊಮ್ಮೆ ಅಭ್ಯಾಸಬಲದಿಂದ "ಹೂಂ, ಆಮ್ಯಾಲ?" ಎಂದು ತಾನೇ ಅಂದುಕೊಂಡು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಕನ್ನಡಿ ನೋಡಿಕೊಳ್ಳುತ್ತಿದ್ದ. ಆ ಮುದುಕಿಯ ಪೆಟ್ಟಿಗೆಯಲ್ಲಿ ಏನಿತ್ತು ಎನ್ನುವುದು ಹಲ್ಲಿನ ಸಂದಿಯ ನಾರಿನಂತೆ ಅವನನ್ನು ಕಾಡುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ನಾಚಿಕೆ ಬಿಟ್ಟು ಕೇಳಿಯೂ ಕೇಳಿದ. "ಯಾವ ಪೆಟ್ಟಿಗಿ?" ಎಂದಳು ಕೊಟ್ರಬಸಮ್ಮ. ಮೈದುನನ ಮಕ್ಕಳು ತಿರುಗಿ ನೋಡಿದರು. ಅವಳು ಸಾರು ಬಡಿಸಿ ಒಳಗೆ ಹೋದಳು.

ಗಾಡಿಗೆ ಅವನು ಏನು ಕಡಿಮೆ ಮಾಡಿದ್ದ? ಪ್ರತಿ ಅಮಾವಾಸ್ಯೆಗೂ ತಪ್ಪದೆ ಪೂಜೆ. ಗಾಡಿ ತೊಳೆದು, ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದು ಗಾಜಿನ ಬುಡಕ್ಕೆ ನೀರು ಚಿಮುಕಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ತೆಗೆಯಬೇಕು. ಚೆಂಡುಹೂವಿನ ಮಾಲೆ ಕಟ್ಟುವವಳು ಕೊಟ್ರಬಸಮ್ಮ. ಮೊದಲು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಒಂದು ಅಮಾವಾಸ್ಯೆ ಊರ ಬಾಗಿಲು ದಾಟುವುದರೊಳಗೆ ಮಾಲೆ ಹರಿದು ಗಾಳಿಗೆ ಹೋಯಿತು. ಅಪಶಕುನ ಎಂದು ಗವಿಸಿದ್ದಪ್ಪ ಕೂಗಾಡಿ, ಗಿರಣಿಯಿಂದ ಅಕ್ಕಿ ಚೀಲದ ಬಾಯಿ ಹೊಲಿಯುವ ಹಸಿರು ನೂಲಿನ ದಾರದ ಉಂಡೆಯನ್ನೇ ತಂದುಕೊಟ್ಟ. ಮಾಲೆಯ ಒಂದು ತುದಿ ಎಡಗಡೆಯ ಕನ್ನಡಿಗೆ, ಇನ್ನೊಂದು ತುದಿ ಡ್ರೈವರ್ ಕಡೆಯ ವೈಪರಿನ ಬುಡಕ್ಕೆ. "ಅಲ್ಲಿ ಬ್ಯಾಡ್ರಿ, ಬಂಪರ್‌ಗೆ ಕಟ್ರಿ" ಎಂದು ಅವಳು ಒಮ್ಮೆ ಹೇಳಿದ್ದಳು. "ದೇವರ ಮಾಲಿ ಕಾಲ ಮಟ್ಟಕ್ಕ ಕಟ್ಟಬೇಕೇನು? ನಿನಗೇನ್ ತಿಳೀತೈತಿ" ಎಂದಿದ್ದ. ಮಾಲೆ ಬಾಡಿದ ಮೇಲೆ ಕತ್ತರಿ ಹಾಕುವಂತಿಲ್ಲ, ದೇವರಿಗೆ ಏರಿಸಿದ್ದನ್ನು ಕತ್ತರಿಸಬಾರದು ಎಂದು ಅವನ ತಾಯಿ ಕಲಿಸಿದ್ದಳು. ಜಗ್ಗಿ ಹರಿದು, ಹೂವನ್ನು ಕಾಲುವೆಗೆ ಬಿಡುತ್ತಿದ್ದ. ಗಂಟು ಅಲ್ಲೇ ಉಳಿಯುತ್ತಿತ್ತು.

ಗಾಡಿ ಹತ್ತುವುದನ್ನು ಬಿಟ್ಟ ಮೇಲೂ ಕೊಟ್ರಬಸಮ್ಮ ಮಾಲೆ ಕಟ್ಟುವುದನ್ನು ಬಿಡಲಿಲ್ಲ. ಈ ವರ್ಷದ ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಯ ದಿನವೂ ಬಾಳೆ ಎಲೆಯಲ್ಲಿ ಮಾಲೆ ಇಟ್ಟು ಹೊಸ್ತಿಲಿಗೆ ಬಂದಳು. ಗವಿಸಿದ್ದಪ್ಪ ಅವತ್ತು ಸರಿಯಿರಲಿಲ್ಲ. ಹಿಂದಿನ ದಿನ ಮಳೆಯಲ್ಲಿ ಸಿರುಗುಪ್ಪದಿಂದ ತಂಬಾಕು ತಿಕ್ಕಿಕೊಂಡು ಬಂದಿದ್ದ.

"ನೀ ಕುಂದರದ ಗಾಡಿಗಿ ಮಾಲಿ ಯಾಕ ಕಟ್ಟತೀ?"

"ನೀವು ಕುಂದ್ರತೀರಲ್ಲ" ಎಂದಳು.

ಗವಿಸಿದ್ದಪ್ಪ ಮಾಲೆ ಇಸಿದುಕೊಂಡು ಕಟ್ಟತೊಡಗಿದ. ಅವಳು ಒಳಗೆ ಹೋಗದೆ ಅಲ್ಲೇ ನಿಂತಿದ್ದಳು.

"ನಾಳಿ ಬಳ್ಳಾರ್ಯಾಗ ಮತ್ತ ತೋರಸ್ತೀನಿ" ಎಂದ.

"ಎಷ್ಟ ಸಲ ತೋರಸ್ತೀರಿ? ಮಳಿಯಾಗ ನಿಲ್ಲೂದನ್ನ ಬಿಸಲಾಗ ನೋಡಿದ್ರ ಏನ್ ಸಿಗತೈತ್ರಿ?"

ನಿನಗೇನ್ ತಿಳೀತೈತಿ ಎಂಬ ಮಾತು ಗವಿಸಿದ್ದಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ನುಂಗಿಕೊಂಡ.

ಮಾರನೆಯ ದಿನ ಅಕ್ಕಿ ಇಳಿಸಿ, ಬಳ್ಳಾರಿಯ ಹೊರವಲಯದಲ್ಲಿ ದುರ್ಗೇಶನ ಶೆಡ್ಡಿಗೆ ಹೋದ. ದುರ್ಗೇಶ್ ಗಾಡಿಗಳ ಎಲೆಕ್ಟ್ರಿಷಿಯನ್, ಗುಜರಿ ಮೋಟರು ಹಾಕಿದವನು ಅವನೇ. ಪಿಕಪ್ಪನ್ನು ಕಾಣುತ್ತಲೇ ಅವನ ಮುಖ ಗಂಟಿಕ್ಕಿತು.

"ಅಣ್ಣಾ, ಮೋಟರ್ ಬರಾಬರ್ ಐತಿ, ವೈರಿಂಗ್ ಬರಾಬರ್ ಐತಿ. ಇನ್ನ ನಾ ಏನ್ ನೋಡ್ಲಿ?"

"ಒಣಗಿದ್ದಾಗ ನೋಡಬ್ಯಾಡ ತಮ್ಮಾ. ನೀರು ಹಾಕಿ ನೋಡೂಣು."

ಮೈಮೇಲೆ ಬಿಸಿಲು ಸುರಿಯುತ್ತಿತ್ತು. ದುರ್ಗೇಶ್ ಇವನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, ಡ್ರಮ್ಮಿನಿಂದ ಒಂದು ಬಕೆಟ್ ನೀರು ತಂದ. ಗವಿಸಿದ್ದಪ್ಪ ನಿನ್ನೆಯ ಮಾಲೆಯನ್ನು ಜಗ್ಗಿ ಹರಿದು ತೆಗೆದ. ವೈಪರು ಚಾಲು ಮಾಡಿ, ಗಾಜಿನ ಮೇಲೆ ಸುರಿದರು. ವೈಪರು ಆಡಿತು. "ನಾ ಏನ್ ಹೇಳಿದ್ದೆ?" ಎಂದ ದುರ್ಗೇಶ್. ಎರಡನೆಯ ಬಕೆಟಿಗೂ ಆಡಿತು. ಗವಿಸಿದ್ದಪ್ಪ ತಾನೇ ಬಕೆಟ್ ಕಸಿದುಕೊಂಡು ಮತ್ತೆ ಸುರಿದ, ಮತ್ತೆ ಸುರಿದ, ಗಾಜಿನ ಬುಡದ ಕಪ್ಪು ಜಾಲರಿಯೊಳಕ್ಕೆ ನೀರು ಗಳಗಳ ಇಳಿಯಿತು. ಸ್ವಲ್ಪ ಹೊತ್ತಾಯಿತು. ವೈಪರು ಮೆಲ್ಲಗಾಯಿತು. ಮುದುಕರು ಮೆಟ್ಟಿಲು ಹತ್ತುವ ಹಾಗೆ ಒಂದು ಸಲ ಮೇಲೆ ಹೋಗಿ, ಅರ್ಧಕ್ಕೆ ನಿಂತಿತು. ಒಳಗೆ ಮೋಟರು ಗುಂಯ್ ಎಂದು ಒದ್ದಾಡುತ್ತಿತ್ತು. ಆಮೇಲೆ ಅದೂ ಸುಮ್ಮನಾಯಿತು.

"ಫ್ಯೂಸ್ ಹೋತು" ಎಂದ ದುರ್ಗೇಶ್. ಅವನ ಮುಖದ ಗಂಟು ಬಿಚ್ಚಿಕೊಂಡಿತ್ತು. ಕೆಲಸಗಾರನಿಗೆ ಕೆಲಸ ಸಿಕ್ಕಿದಾಗಿನ ಮುಖ ಅದು. "ಮೋಟರ್ ತಿರಗಾಕ ನೋಡತೈತಿ ಅಣ್ಣಾ, ಆದ್ರ ತಿರಗಾಕ ಬಿಡವಲ್ದು. ಯಾವುದೋ ಹಿಡಕೊಂಡೈತಿ. ಅದರ ಜೋಡಿ ಗುದ್ದಾಡಿ ಗುದ್ದಾಡಿ ಫ್ಯೂಸ್ ಸುಡತೈತಿ. ಇದು ಕರೆಂಟಿಂದಲ್ಲ."

ಬಾನೆಟ್ ತೆಗೆದು, ಮೋಟರಿಗೂ ವೈಪರಿಗೂ ನಡುವಿನ ಸರಳನ್ನು ಕಳಚಿದ. ಹೊಸ ಫ್ಯೂಸು ಹಾಕಿ ನೋಡಿದರೆ ಮೋಟರು ಬರಿದೇ ಸಲೀಸಾಗಿ ತಿರುಗಿತು. ಎಡಗಡೆಯ ವೈಪರನ್ನು ಕೈಯಿಂದ ಆಡಿಸಿದ, ಹಗುರಾಗಿ ಆಡಿತು. ಬಲಗಡೆಯದು ಜಪ್ಪಯ್ಯ ಅನ್ನಲಿಲ್ಲ. ಪಾನಾ ಹಾಕಿ ಅದರ ಬುಡದ ನಟ್ಟು ಬಿಚ್ಚಿ, ಕಡ್ಡಿ ತೆಗೆದು, ಕಪ್ಪು ಜಾಲರಿಯನ್ನು ಎಬ್ಬಿಸಿ ಒಳಗೆ ಇಣುಕಿದವನು, "ಅಯ್ಯೋ ದೇವುಡಾ" ಎಂದ.

ಸ್ಕ್ರೂಡ್ರೈವರಿನಿಂದ ಕೆದಕಿ, ಹರಿದು, ಕಡೆಗೆ ಬೆರಳು ಹಾಕಿ ಎಳೆದು ತೆಗೆದ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ. ಹಸಿರು ನೂಲು, ಗಂಟಿನ ಮೇಲೆ ಗಂಟು, ಕೆಲವು ಬಣ್ಣ ಹೋಗಿ ಕಪ್ಪಾದವು, ಕೆಲವು ಇನ್ನೂ ಹಸಿರಾದವು. ನಡುನಡುವೆ ವಿಭೂತಿ, ಕುಂಕುಮ, ಕಾಯಿ ನೀರಿಗೆ ಅಂಟಿದ ಚೆಂಡುಹೂವಿನ ಪಕಳೆ. ವೈಪರು ತಿರುಗಿದಂತೆಲ್ಲ ಗಂಟುಗಳು ಬುಡಕ್ಕೆ ಸುತ್ತಿಕೊಳ್ಳುತ್ತ ಒಳಗೆ ಇಳಿದಿದ್ದವು. ಒಣಗಿದ್ದಾಗ ಸಡಿಲ, ನೀರು ಕುಡಿದರೆ ಉಬ್ಬಿ ಬಿಗಿ. ದುರ್ಗೇಶ್ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, ನಗು ತಡೆಯದೆ ಗಾಡಿಗೆ ಒರಗಿದ.

"ಅಣ್ಣಾ, ಇದು ಕರೆಂಟಿನ ಪ್ರಾಬ್ಲಮ್ ಅಲ್ಲ. ಭಕ್ತಿ ಪ್ರಾಬ್ಲಮ್!"

ಗವಿಸಿದ್ದಪ್ಪ ನಗಲಿಲ್ಲ. ಉಂಡೆಯನ್ನು ಇಸಿದುಕೊಂಡು ನೋಡುತ್ತ ನಿಂತ. ತುದಿಯಲ್ಲಿ ನಿನ್ನೆಯ ಮಾಲೆಯ ದಾರವೂ ಇತ್ತು. ಅವಳು ಬೆರಳಿಗೆ ಸುತ್ತಿ ಸುತ್ತಿ ಕಟ್ಟಿದ್ದು, ಅವನು ಹಾದಿಯಲ್ಲಿ ಸುರಕ್ಷಿತವಾಗಿರಲಿ ಎಂದು ಕಟ್ಟಿದ್ದು. ಇಂಥ ದಾರವೇ ಅವತ್ತು ಏರಿಯ ಮೇಲೆ ಅವಳನ್ನು ಕಾಲುವೆಯ ಅಂಚಿಗೆ ತಂದು ನಿಲ್ಲಿಸಿತ್ತು.

ನಗು ನಿಂತ ಮೇಲೆ ದುರ್ಗೇಶ್ ಇವನ ಮುಖ ನೋಡಿ ಮೆತ್ತಗಾದ. ಇವರ ಮನೆಯ ಕತೆ ಅವನಿಗೂ ಗೊತ್ತಿತ್ತು. ಬಳ್ಳಾರಿ ಕುರುಗೋಡು ರಸ್ತೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? "ಅಕ್ಕಗ ಇಲಿ ಗೂಡು ಕಟ್ಟಿತ್ತು ಅಂತ ಹೇಳಿ ಬಿಡ್ರಿ ಅಣ್ಣಾ. ಅಕ್ಕಿ ಗಾಡಿ, ಇಲಿ ಇರೂದ. ಯಾರಿಗೂ ಬ್ಯಾಸರಿಲ್ಲ."

ಇಲಿ. ಒಳ್ಳೆಯ ಉಪಾಯ ಎನಿಸಿತು. ಸಂಜೆ ಬಸ್ಸಿನ ಹಿಂದೆ ಊರಿಗೆ ಬರುವಾಗ ದಾರಿಯುದ್ದಕ್ಕೂ ಇಲಿಯನ್ನು ಪಳಗಿಸಿಕೊಂಡ. ಎಲ್ಲಿಂದ ಬಂತು, ಎಷ್ಟು ದಪ್ಪ ಇತ್ತು, ದುರ್ಗೇಶ್ ಹೇಗೆ ಬೆಚ್ಚಿಬಿದ್ದ, ಎಲ್ಲ ಸಿದ್ಧವಾಯಿತು. ಇಲಿಗೆ ಮರ್ಯಾದೆ ಇಲ್ಲ, ಹೋಗುವುದಕ್ಕೆ ಏನೂ ಇಲ್ಲ. ಉಂಡೆಯನ್ನು ದಾರಿಯಲ್ಲಿ ಬಿಸಾಡಬೇಕೆಂದು ಎರಡು ಸಲ ಕಿಟಕಿಯ ಹೊರಗೆ ಕೈ ಹಾಕಿದ. ಎರಡು ಸಲವೂ ಒಳಗೆ ತೆಗೆದುಕೊಂಡ. ಅದು ಎಡಗಡೆಯ ಸೀಟಿನ ಮೇಲೆ, ಅವಳು ಕೂಡುವ ಜಾಗದಲ್ಲಿ, ಕುಲುಕಾಡುತ್ತ ಬಂತು.

ಬಸ್ಸಿಳಿದು ಮುಂಚೆಯೇ ಮನೆ ಸೇರಿದ್ದ ಕೊಟ್ರಬಸಮ್ಮ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಈ ಸಲ ಅವನು ಹಾರ್ನು ಹೊಡೆಯಲಿಲ್ಲ, ವೈಪರು ಕುಣಿಸಲಿಲ್ಲ. ಹತ್ತಿರ ಬಂದು ನಿಂತ.

"ಸಿಕ್ತೇನ್ರಿ?" ಎಂದಳು.

"ಇಲಿ..." ಎಂದವನು ಅಲ್ಲಿಗೇ ನಿಂತ. ಅವಳು ಮುಖ ಎತ್ತಿ ನೋಡುತ್ತಿದ್ದಳು. ಗವಿಸಿದ್ದಪ್ಪ ಜೇಬಿನಿಂದ ಉಂಡೆ ತೆಗೆದು ಅವಳ ಕೈಯಲ್ಲಿಟ್ಟ.

ಕೊಟ್ರಬಸಮ್ಮ ಅದನ್ನು ದೀಪದ ಬೆಳಕಿಗೆ ಹಿಡಿದಳು. ಉಗುರಿನಿಂದ ಒಂದು ಎಳೆ ಬಿಡಿಸಿದಳು. ನೂಲಿನ ಗುರುತು ಹತ್ತಲು ಹೊತ್ತು ಹಿಡಿಯಲಿಲ್ಲ. ಒಣಗಿದ ಪಕಳೆಯೊಂದು ತೊಡೆಯ ಮೇಲೆ ಬಿತ್ತು.

"ಇದು ನನ್ನ ಮಾಲಿ" ಎಂದಳು. ಮತ್ತೆ, ಬಲು ಸಣ್ಣ ದನಿಯಲ್ಲಿ, "ಹಂಗಾರ ನಾನ ನಿಲ್ಲಿಸಿದ್ದೇನ್ರಿ ಅವತ್ತ?" ಎಂದಳು.

ಹೂಂ ಅಂದುಬಿಟ್ಟರೆ ಮುಗಿಯಿತು. ಜೀವನಪೂರ್ತಿ ಗೆದ್ದುಕೊಂಡೇ ಬಂದವನಿಗೆ ಇಷ್ಟು ಸುಲಭದ ಗೆಲುವು ಯಾವತ್ತೂ ಸಿಕ್ಕಿರಲಿಲ್ಲ. ಒಳಗೆ ಮೈದುನನ ಹೆಂಡತಿ ಟಿ.ವಿ. ಸದ್ದು ಕಡಿಮೆ ಮಾಡಿದ್ದಳು.

"ಇಲ್ಲ" ಎಂದ ಗವಿಸಿದ್ದಪ್ಪ. "ಮಾಲಿ ನಿಂದು. ಗಂಟು ನಂದು. ದಾರಾನೂ ನಾನ ತಂದದ್ದು. ಬಂಪರ್‌ಗೆ ಕಟ್ರಿ ಅಂತ ನೀ ಹೇಳಿದ್ದಿ, ನಾ ಕೇಳಲಿಲ್ಲ. ನಿಂತ ಮ್ಯಾಲಾರ ಗಾಡಿ ನಿಲ್ಲಸಬೇಕಿತ್ತು, ಅದೂ ಮಾಡಲಿಲ್ಲ. ತಪ್ಪು ನಂದ."

ಒಳಗೆ ಟಿ.ವಿ. ಪೂರ್ತಿ ಬಂದಾಯಿತು. ಕೊಟ್ರಬಸಮ್ಮ ಉಂಡೆಯನ್ನು ಶೇಂಗಾದ ಮೊರದ ಅಂಚಿಗಿಟ್ಟು ಎದ್ದಳು. ಒಳಗೆ ಹೋಗಿ ಕೊಡ ತುಂಬಿಕೊಂಡು ಬಂದಳು.

"ಹತ್ರಿ. ಚಾಲೂ ಮಾಡ್ರಿ" ಎಂದಳು.

ಅವನು ಒಳಗೆ ಕೂತು ಸ್ವಿಚ್ಚು ಒತ್ತಿದ. ಅವಳು ಗಾಜಿನ ಮೇಲೆ ನೀರು ಸುರಿದಳು. ವೈಪರು ನೀರನ್ನು ತಳ್ಳಿತು. ಇನ್ನೊಂದು ಕೊಡ ತಂದಳು. ಮತ್ತೊಂದು. ಜಾಲರಿಯೊಳಗೆ ನೀರು ಇಳಿಯುವುದನ್ನು ಬಗ್ಗಿ ನೋಡಿ, ಸೊಂಟಕ್ಕೆ ಸೆರಗು ಸಿಗಿಸಿ, ತೊಟ್ಟಿಯೇ ಖಾಲಿಯಾಗುವ ತನಕ ಸುರಿದಳು. ಗಾಜಿನ ಒಳಗಿನಿಂದ ಗವಿಸಿದ್ದಪ್ಪನಿಗೆ ಅವಳ ಮುಖ ನೀರಿನಲ್ಲಿ ಮುಳುಗುವುದು, ವೈಪರು ಬಂದು ಒರೆಸುವುದು, ಮತ್ತೆ ಮುಳುಗುವುದು ಕಾಣುತ್ತಿತ್ತು. ವೈಪರು ಒಂದು ಸಲವೂ ನಿಲ್ಲಲಿಲ್ಲ. ಅವಳು ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಬಸ್ಸು ಬಂತು. ಪಂಪಣ್ಣ ಎಂದಿನಂತೆ ಕಿಟಕಿಯ ಸೀಟನ್ನು ಟವೆಲು ಹಾಕಿ ಹಿಡಿದಿದ್ದ. ಕೊಟ್ರಬಸಮ್ಮ ರೊಟ್ಟಿಯ ಗಂಟು ಹೊತ್ತು ಬಸ್ಸಿನ ಬಾಗಿಲಿನವರೆಗೂ ಬಂದು, "ನೀ ನಡಿಯಪ್ಪಾ ಪಂಪಣ್ಣ" ಎಂದು ಹೇಳಿ ಹಿಂದಕ್ಕೆ ನಡೆದಳು. ಪಿಕಪ್ಪಿನ ಎಡಗಡೆಯ ಬಾಗಿಲನ್ನು ಎತ್ತಿ ಎಳೆದರೆ ಮಾತ್ರ ತೆರೆಯುತ್ತದೆ. ಆ ಹದ ಅವಳಿಗೆ ಮರೆತಿರಲಿಲ್ಲ. ಹತ್ತಿ ಕೂತಳು. ಬಸ್ಸಿನ ಹಿಂದಿನ ಗಾಜಿಗೆ ಮುಖಗಳು ಅಂಟಿಕೊಂಡಿದ್ದವು.

ಗಾಡಿ ಹೊರಟಿತು. ಅಭ್ಯಾಸ ಎಂಬುದು ಕೆಟ್ಟದ್ದು, ಗವಿಸಿದ್ದಪ್ಪ ಬಸ್ಸಿನ ಹಿಂದೆ ಹಿಂದೆಯೇ ಹೋಗುತ್ತಿದ್ದ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಅವನೂ ನಿಲ್ಲಿಸಿದ.

"ಇಲ್ಲ್ಯಾಕ ನಿಂತೀರಿ?" ಎಂದಳು ಕೊಟ್ರಬಸಮ್ಮ. "ದಾಟ್ರಿ ಅದನ್ನ. ರೊಟ್ಟಿ ಹೊತ್ತಾಗತೈತಿ."

ಹಾರ್ನು ಹೊಡೆದು ಬಸ್ಸನ್ನು ದಾಟಿದ. ಪಂಪಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಸೀಟಿ ಊದಿದ. ಮುಂದೆ ರಸ್ತೆ ಖಾಲಿ ಇತ್ತು. ಕೊಟ್ರಬಸಮ್ಮ ಗಂಟನ್ನು ತೊಡೆಯ ಮೇಲೆ ಸರಿ ಮಾಡಿಕೊಂಡು, ಸೆರಗು ಹೊದ್ದು, ಅವನ ಕಡೆಗೆ ತಿರುಗಿದಳು.

"ಅವತ್ತ ಎಲ್ಲಿಗಿ ಬಿಟ್ಟಿದ್ದೆ ನಾ?"

"ಬಾಗಲಾ ಮುಂದ ಮಾಡಿ, ಪೆಟ್ಟಿಗಿ ತೆಗದು ನೋಡಿದ್ರ ಒಳಗ ಅಂದಿದ್ದಿ" ಎಂದ ಗವಿಸಿದ್ದಪ್ಪ, ಒಂದು ಅಕ್ಷರ ತಪ್ಪಿಲ್ಲದೆ.

"ಬೆಲ್ಲರೀ" ಎಂದಳು ಕೊಟ್ರಬಸಮ್ಮ, ಎರಡೂ ಕೈ ಅಗಲ ಮಾಡಿ. "ಮುದುಕಿಗಿ ಶುಗರ್ ಐತಿ ಅಂತ ಡಾಕ್ಟರ್ ಬಿಡ್ಸಿದ್ರಲ್ಲ, ಅದ. ಪೆಟ್ಟಿಗಿ ತುಂಬ ಬರೇ ಬೆಲ್ಲ!"

ಗವಿಸಿದ್ದಪ್ಪ ಸ್ಟೇರಿಂಗಿನ ಮೇಲೆ ಬಗ್ಗಿ ಬಗ್ಗಿ ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ತೋಳಿನಿಂದ ಕಣ್ಣು ಒರೆಸಿಕೊಂಡು ರಸ್ತೆ ನೋಡಿದ.

"ಹೂಂ" ಎಂದ. "ಆಮ್ಯಾಲ?"